ಉದ್ದ ದಾರ, ಗಿಡ್ಡ ದಾರ

ಮೊಮ್ಮಗಳು ಹುಟ್ಟಿ ಹದಿನಾರು ದಿನವಾಯಿತು. ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ನಾನು ಪೇಢೆ ಕೊಡದ ಮನೆ ಉಳಿದಿಲ್ಲ. ಒಂದು ಮನೆಗೆ ಎರಡು ಸಲ ಕೊಟ್ಟು ಬಂದೆನಂತೆ. ಅವರೂ ಏನೂ ಹೇಳದೆ ಇಸಿದುಕೊಂಡರು. ಹೆರಿಗೆಗೆ ಬಂದಿರುವ ಮಗಳು ಸವಿತಾ, "ಯವ್ವಾ, ಸ್ವಲ್ಪ ಕುಂದ್ರು. ಹಡದಾಕಿ ನಾನು, ದಣಿಯಾಕತ್ತಾಕಿ ನೀನು," ಎನ್ನುತ್ತಾಳೆ. ಹೇಗೆ ಕೂರಲಿ? ಕೂತರೆ ತೊಟ್ಟಿಲು ಕಾಣುತ್ತದೆ, ತೊಟ್ಟಿಲು ಕಂಡರೆ ಏಳಬೇಕಾಗುತ್ತದೆ. ಅದಕ್ಕೇ ಗೋಡೆಗೆ ಮುಖ ಮಾಡಿ ಇದನ್ನು ಬರೆಯಲು ಕೂತಿದ್ದೇನೆ.

ಆ ತೊಟ್ಟಿಲಲ್ಲಿ ಹಾಸಿದ ಪುಟ್ಟ ಕೌದಿ ನಾನೇ ಹೊಲಿದದ್ದು. ಅದರ ಅಂಚಿನಲ್ಲಿ ಎರಡು ದಾರ ಜೋತುಬಿದ್ದಿವೆ. ಒಂದು ಬೆರಳುದ್ದ, ಇನ್ನೊಂದು ಉಗುರುದ್ದ. ನೋಡಲು ಬಂದ ಹೆಂಗಸರು ಮೊದಲು ಕೂಸಿನ ಮೂಗು ನೋಡುತ್ತಾರೆ, ಆಮೇಲೆ ದಾರ ನೋಡುತ್ತಾರೆ, ಆಮೇಲೆ ಕತ್ತರಿ ಕೇಳುತ್ತಾರೆ. ನನ್ನ ಕೌದಿಗೆ ಊರಲ್ಲಿ ಹೆಸರಿದೆ. ಹಿಂದೆ ಮುಂದೆ ಯಾವ ಬದಿಯಲ್ಲೂ ಒಂದು ದಾರದ ತುದಿ ಕಾಣಬಾರದು, ಹಾಗೆ ಹೊಲಿಯುವವಳು ನಾನು. ಮುಪ್ಪಿಗೆ ಗೌರವ್ವನ ಕೈ ಕೆಟ್ಟಿತು ಎಂದು ಅವರು ಅಂದುಕೊಳ್ಳಲಿ. ದಾರ ಯಾಕೆ ಬಿಟ್ಟೆ ಎಂಬುದಕ್ಕೆ ನನ್ನ ನೌಕರಿಯ ಕಥೆಯನ್ನೇ ಹೇಳಬೇಕಾಗುತ್ತದೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಮೂವತ್ತು ವರ್ಷ ವಿಜಯಪುರದ ಒಂದು ದವಾಖಾನೆಯಲ್ಲಿ ಆಯಾ ಆಗಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ನಮ್ಮ ಬಾಗೇವಾಡಿ, ಎಲ್ಲ ಕಡೆಯ ಹೆಂಗಸರೂ ಎದೆಯ ಗಂಟು ತೋರಿಸಲು ಅಲ್ಲಿಗೆ ಬರುತ್ತಿದ್ದರು. ಈಗ ನಮ್ಮ ಓಣಿಯ ಇಬ್ಬರು ಹುಡುಗಿಯರು ಆಯಾ ಕೆಲಸಕ್ಕೆ ಸೇರಿದ್ದಾರೆ. ಅವರಿಗೆ ಕಸಬರಿಗೆ ಹಿಡಿಯುವುದನ್ನು ನಾನು ಕಲಿಸಬೇಕಾಗಿಲ್ಲ. ಕಲಿಸಬೇಕಾದದ್ದು ಬೇರೆ ಇದೆ. ಹೆಂಗಸರು ಡಾಕ್ಟರರ ಮುಂದೆ ಎಲ್ಲದಕ್ಕೂ ತಲೆ ಅಲ್ಲಾಡಿಸುತ್ತಾರೆ, ಹೊರಗೆ ಬಂದು ಆಯಾನ ಸೆರಗು ಹಿಡಿಯುತ್ತಾರೆ. "ಯಕ್ಕಾ, ಅವರು ಏನಂದ್ರು?" ಆಗ ಗೊತ್ತಿದ್ದಷ್ಟು ಹೇಳಬೇಕು. ಗೊತ್ತಿಲ್ಲದಿದ್ದರೆ ಕೈ ಹಿಡಿದು ಮತ್ತೆ ಒಳಗೆ ಕರೆದುಕೊಂಡು ಹೋಗಬೇಕು. ನಮ್ಮ ಮನಸ್ಸಿನಿಂದ ಒಂದು ಮಾತು ಸೇರಿಸಬಾರದು. ನಾನು ಸೇರಿಸಿದ್ದೇನೆ, ಬೈಸಿಕೊಂಡಿದ್ದೇನೆ.

ನಾನು ಸೇರಿದ ಹೊಸದರಲ್ಲಿ ಗಂಟು ಎಂಥದು ಎಂದು ತಿಳಿಯಲು ಮೈಮರೆಸುವ ಔಷಧ ಕೊಟ್ಟು, ಕೊಯ್ದು ನೋಡುತ್ತಿದ್ದರು. ಗಂಟಿನ ಹೆಸರು ಗೊತ್ತಾಗುವ ಮೊದಲೇ ಹೊಲಿಗೆ ಬಿದ್ದಿರುತ್ತಿತ್ತು. ಆಮೇಲೆ ಸೂಜಿಯ ಬಯಾಪ್ಸಿ ಬಂತು. ಆ ಜಾಗಕ್ಕಷ್ಟೇ ಜೋಮು ಹಿಡಿಸಿ, ದಪ್ಪ ಸೂಜಿಯಿಂದ ಶಾವಿಗೆ ಎಳೆಯ ತುಂಡಿನಂಥ ಚೂರುಗಳನ್ನು ತೆಗೆಯುತ್ತಾರೆ. ಸೂಜಿ ಒಳಗೆ ಹೋಗುವಾಗ ಟಕ್ ಎಂದು ಸಪ್ಪಳ ಆಗುತ್ತದೆ. ನೋವಿಗಿಂತ ಆ ಸಪ್ಪಳಕ್ಕೇ ಹೆದರಿ ಮುದ್ದೇಬಿಹಾಳದ ಒಬ್ಬಾಕೆ ಟೇಬಲ್ಲಿನಿಂದ ಇಳಿದು ಬಾಗಿಲವರೆಗೆ ಹೋಗಿಬಿಟ್ಟಿದ್ದಳು. ಅವತ್ತಿನಿಂದ ನಾನು ಒಂದು ಪದ್ಧತಿ ಮಾಡಿದೆ. ಡಾಕ್ಟರನ್ನು ಕೇಳಿ, ಸೂಜಿ ಹಾಕುವ ಮೊದಲೇ ಆ ಸಪ್ಪಳವನ್ನು ಎರಡು ಸಲ ಗಾಳಿಯಲ್ಲಿ ಕೇಳಿಸುವುದು. "ಇಷ್ಟ ನೋಡವ್ವಾ, ಇದು ಬರೇ ಬೊಗಳೂ ನಾಯಿ," ಎನ್ನುತ್ತಿದ್ದೆ.

ಆ ಚೂರುಗಳನ್ನು ಲ್ಯಾಬಿಗೆ ಕಳಿಸುವ ಬಾಟಲಿಗೆ ಚೀಟಿ ಅಂಟಿಸುವುದೂ ನನ್ನ ಕೆಲಸ. ನಮ್ಮ ಕಡೆ ಹೆಂಗಸರಲ್ಲಿ ಮಹಾದೇವಿ ಎಂಬ ಹೆಸರಿಗೆ ಬರವಿಲ್ಲ. ಒಂದೇ ದಿನ ಮೂವರು ಮಹಾದೇವಿಯರು ಬಂದದ್ದೂ ಉಂಟು. ನಮ್ಮ ದೊಡ್ಡ ಸಿಸ್ಟರ್ ಶಾಂತಾಬಾಯಿ ಚೀಟಿಯನ್ನು ಮೂರು ಸಲ ಓದಿಸುವರು: ಹೆಸರು, ಗಂಡನ ಹೆಸರು, ಊರು, ಎಡವೋ ಬಲವೋ. "ಗೌರವ್ವಾ, ಈ ಚೀಟಿ ತಪ್ಪಿದ್ರ ಒಬ್ಬಾಕಿ ಗಂಟು ಇನ್ನೊಬ್ಬಾಕಿ ಹಣೀ ಮ್ಯಾಲ ಬರೀತದ," ಎನ್ನುವರು. ಆಗ ಅವರ ಬಗ್ಗೆ ಬಹಳ ಬೇಸರ ಇತ್ತು. ಈಗ ಇಲ್ಲ.

ಸಿಂದಗಿ ಕಡೆಯ ಗೊಲ್ಲಾಳಪ್ಪ ಎಂಬುವನು ಹೆಂಡತಿಗೆ ಸೂಜಿ ಹಾಕಿಸಲು ಒಪ್ಪಲೇ ಇಲ್ಲ. ಬಾಗಿಲಿಗೆ ಅಡ್ಡ ನಿಂತ.

"ಸೂಜಿ ಚುಚ್ಚಿದ್ರ ಗಂಟು ಸಿಟ್ಟಿಗೇಳ್ತೈತಂತ, ಮೈತುಂಬ ಹರಡ್ತೈತಂತ. ನಮ್ಮೂರಾಗ ಎಲ್ಲಾರೂ ಅಂತಾರ."

ನಾನು ಕೇಳಿದೆ: "ನಿಮ್ಮ ಹೊಲದ ಮಣ್ಣು ಪರೀಕ್ಷಾಕ್ಕ ಕೊಟ್ಟಿದ್ರೇನ್ರಿ?"

"ಹೂಂ, ಹ್ವಾದ ವರ್ಷ ಕೊಟ್ಟಿದ್ದೆ."

"ಒಂದು ಬೊಗಸಿ ಮಣ್ಣು ಒಯ್ದಿದ್ದಕ್ಕ ಹೊಲ ಸಿಟ್ಟಿಗೆದ್ದಿತ್ತೇನು?"

ಗೊಲ್ಲಾಳಪ್ಪ ಬಾಗಿಲಿನಿಂದ ಒಂದು ಹೆಜ್ಜೆ ಸರಿದ. ಒಳಗೆ ಮಲಗಿದ್ದ ಹೆಂಡತಿ ಅಲ್ಲಿಂದಲೇ ಹೇಳಿದಳು: "ಹೊಲ ಸಿಟ್ಟಿಗೆದ್ದಿರಲಿಲ್ಲಕ್ಕಾ. ಉಪ್ಪು ಜಾಸ್ತಿ ಐತಿ ಅಂತ ಬರದು ಬಂದಿತ್ತಲ್ಲ, ಆವಾಗ ಇವ್ರ ಎದ್ದಿದ್ರು."

ಪರದೆಯ ಆಚೆ ನಮ್ಮ ಶಸ್ತ್ರಕ್ರಿಯೆಯ ಡಾಕ್ಟರು ಇದನ್ನು ಕೇಳಿಸಿಕೊಂಡರು. ನಾವು ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದೆವು. ಆಮೇಲೆ ಬಂದ ರೈತರಿಗೆಲ್ಲ ಅವರೇ ಮಣ್ಣು ಪರೀಕ್ಷೆಯ ಮಾತು ಹೇಳತೊಡಗಿದರು. ಯಾರಿಂದ ಕಲಿತೆ ಎಂದು ಒಂದು ದಿನವೂ ಹೇಳಲಿಲ್ಲ. ಇರಲಿ. ಗೊಲ್ಲಾಳಪ್ಪನ ಹೆಂಡತಿಯ ಗಂಟು ಕ್ಯಾನ್ಸರ್ ಆಗಿರಲಿಲ್ಲ. ಅಂಥವರೇ ಬಹಳ. ಆದರೆ ಪರೀಕ್ಷೆಯಾಗದೆ ಯಾರು ಯಾವ ಕಡೆ ಎಂದು ಯಾರೂ ಹೇಳಲಾರರು. ಕ್ಯಾನ್ಸರ್ ಇದ್ದರೂ ಅದಕ್ಕೆ ಯಾವ ಔಷಧ ಹತ್ತುತ್ತದೆ ಎಂಬುದನ್ನು ಆ ಶಾವಿಗೆ ಚೂರೇ ಹೇಳುತ್ತದೆ.

(ಕೂಸು ಈಗ ಆಕಳಿಸಿತು. ಬಾಯಿ ಎಷ್ಟು ಸಣ್ಣದೆಂದರೆ ಒಂದು ಕಡಲೆ ಹಿಡಿಯಲಿಕ್ಕಿಲ್ಲ. ಹೋಗಿ ನೋಡಿ ಬಂದೆ.)

ಇಂಡಿಯ ಕಮಲಕ್ಕನ ಗಂಟು ಕ್ಯಾನ್ಸರ್ ಎಂದು ಬಂತು. ಅವರದು ನಿಂಬೆ ತೋಟ. ಬರುವಾಗಲೆಲ್ಲ ಒಂದು ಚೀಲ ನಿಂಬೆಹಣ್ಣು ತರುವಳು. ಸಾಹೇಬರು ಅದರಲ್ಲಿ ಒಂದು ಕಲೆಬಿದ್ದ ಹಣ್ಣು ಆರಿಸಿ, ಕಲೆಯನ್ನೂ ಅದರ ಸುತ್ತಲಿನ ಒಂದಿಷ್ಟು ಚಲೋ ಭಾಗವನ್ನೂ ಸೇರಿಸಿ ಕೊಯ್ದು ತೋರಿಸಿದರು.

"ನೋಡ್ರಿ, ಒಂದು ದಾರಿ ಹಿಂಗ. ಗಂಟಷ್ಟ ತಗದು ಎದಿ ಉಳಿಸೋದು. ಆದ್ರ ಆಮ್ಯಾಲ ಐದಾರು ವಾರ ರೇಡಿಯೇಷನ್ ತಗೋಬೇಕು. ಆ ಮಷಿನ್ ನಮ್ಮಲ್ಲಿಲ್ಲ, ಸೊಲ್ಲಾಪುರಕ್ಕ ಹೋಗಬೇಕು. ಎರಡನೇ ದಾರಿ, ಪೂರಾ ಎದಿ ತೆಗೆಯೋದು. ಆವಾಗ ಬಹಳ ಮಂದಿಗೆ ರೇಡಿಯೇಷನ್ ಬೇಕಾಗಂಗಿಲ್ಲ, ಕೆಲವ್ರಿಗೆ ಬೇಕಾಗ್ತೈತಿ. ಎರಡರಾಗೂ ಬಗಲಾಗಿನ ಗಡ್ಡಿ ತಗದು ನೋಡಬೇಕು. ನಿಮ್ಮಂಥಾ ಸಣ್ಣ ಗಂಟಿಗೆ, ಜೀವದ ಮಟ್ಟಿಗೆ ಹೇಳೋದಾದ್ರ, ಎರಡೂ ದಾರಿ ಒಂದ ಊರಿಗೆ ಹೋಗ್ತಾವು."

ಎಲ್ಲರಿಗೂ ಈ ಎರಡು ದಾರಿ ಇರುವುದಿಲ್ಲ, ಅದನ್ನೂ ಹೇಳಬೇಕು. ಗಂಟು ದೊಡ್ಡದಿದ್ದರೆ ಮೊದಲು ಔಷಧ ಕೊಟ್ಟು ಕುಗ್ಗಿಸಿ ನೋಡುತ್ತಾರೆ. ಅಲ್ಲಲ್ಲಿ ನಾಲ್ಕಾರು ಇದ್ದರೆ ಪೂರ್ತಿಯೇ ತೆಗೆಯಬೇಕಾಗಬಹುದು.

ಕಮಲಕ್ಕ ತಡಮಾಡಲಿಲ್ಲ. "ಪೂರಾ ತಗೀರಿ ಸಾಹೇಬರ. ಐದು ವಾರ ನಾ ಸೊಲ್ಲಾಪುರದಾಗ ಕುಂತ್ರ ನನ್ನ ನಿಂಬಿಕಾಯಿ ಗಿಡದಾಗ ಹಣ್ಣಾಗಿ ಉದುರ್ತಾವು. ಮತ್ತ ಇದರ ಚಿಂತಿ ದಿನಾ ಮಾಡಾಕ ನನಗ ಪುರಸತ್ತಿಲ್ಲ."

ಗಾಯ ಮಾಯ್ದ ಮೇಲೆ ಅವಳಿಗೆ ನಾನು ಮೆತ್ತಗಿನ ಅರಿವೆಯ ಚೀಲ ಹೊಲಿದು, ತೂಕಕ್ಕೆ ಸಾಸಿವೆ ತುಂಬಿ, ಕುಪ್ಪಸದೊಳಗೆ ಇಟ್ಟುಕೊಳ್ಳಲು ಕೊಟ್ಟೆ. ಬರೀ ಹತ್ತಿ ತುಂಬಿದರೆ ಒಂದು ಭುಜ ಮೇಲೆದ್ದಂತೆ ಕಾಣುತ್ತದೆ, ತೂಕ ಇರಬೇಕು. ಮುಂದಿನ ಸಲ ಬಂದಾಗ, "ಯಕ್ಕಾ, ಮಳ್ಯಾಗ ತೊಯ್ಸಿಕೊಂಡೇನಿ. ಮೊಳಕಿ ಬಂದ್ರ ನಿನ್ನ ಮ್ಯಾಲ ಕೇಸ್ ಹಾಕ್ತೇನಿ," ಎಂದಳು. ಈಗಲೂ ತೋಟ ಅವಳದೇ ಕೈಯಲ್ಲಿದೆ. ಅವಳು ಆರಿಸಿದ್ದು ಅವಳಿಗೆ ಸರಿಯಾಗಿತ್ತು.

ಇನ್ನು ನೀಲಮ್ಮನ ಮಾತು.

ನೀಲಮ್ಮ ಮುಳವಾಡದವಳು. ಜೊತೆಗೆ ಗಂಡ ಮಲ್ಲಪ್ಪ. ಸಾಹೇಬರು ಅವಳನ್ನು ಕೇಳಿದ್ದಕ್ಕೆಲ್ಲ ಅವನೇ ಉತ್ತರ ಕೊಡುವನು. ಎಲ್ಲಿ ನೋಯುತ್ತದೆ ಎಂದರೂ ಅವನೇ. ಬಯಾಪ್ಸಿ ಆಯಿತು, ಕ್ಯಾನ್ಸರ್ ಎಂದು ಬಂತು, ಗಂಟು ಸಣ್ಣದೇ ಇತ್ತು. ಸಾಹೇಬರು ಎರಡೂ ದಾರಿ ಹೇಳಿ, "ನೀಲಮ್ಮಾ, ನಿಮಗ ಹೆಂಗನಸ್ತೈತಿ?" ಎಂದರು.

"ಆಕಿಗೇನು ತಿಳೀತೈತ್ರಿ?" ಎಂದ ಮಲ್ಲಪ್ಪ. "ಪೂರಾ ತಗದ ಬಿಡ್ರಿ, ಬೇರು ಸುದ್ದಾ."

ಇಂಥ ಗಂಡಂದಿರಿಗೆ ನನ್ನ ಬಳಿ ಒಂದು ಉಪಾಯ ಇತ್ತು. ದವಾಖಾನೆಯಲ್ಲಿ ಯಾವ ಕಿಟಕಿಯ ಮುಂದೆ ಪಾಳಿ ಎಲ್ಲಕ್ಕಿಂತ ಉದ್ದ ಇದೆಯೋ ಅಲ್ಲಿಗೆ ಅವರನ್ನು ಒಂದು ಚೀಟಿ ಮಾಡಿಸಲು ಕಳಿಸುವುದು. ಹುಡುಗಿಯರೇ, ಇದು ಯಾವ ಪುಸ್ತಕದಲ್ಲೂ ಇಲ್ಲ, ನೆನಪಿಟ್ಟುಕೊಳ್ಳಿ. ಮಲ್ಲಪ್ಪ ಪಾಳಿಯಲ್ಲಿ ನಿಂತ. ನಾನು ನೀಲಮ್ಮನ ಪಕ್ಕ ಕೂತೆ.

"ಯಕ್ಕಾ," ಎಂದಳು ನೀಲಮ್ಮ, "ಸಾಹೇಬರು ಜೀವಕ್ಕ ಎರಡೂ ಒಂದ ಅಂದ್ರಲ್ಲ, ಖರೇನಾ?"

"ನನಗ ತಿಳದಂಗ ಹೌದು. ಮತ್ತೊಮ್ಮೆ ಕೇಳೂಣು, ನಡಿ."

ಒಳಗೆ ಹೋಗಿ ಕೇಳಿದೆವು. ಸಾಹೇಬರು ಹೌದೆಂದರು. ನೀಲಮ್ಮ ಸೆರಗು ಸರಿಮಾಡಿಕೊಂಡಳು.

"ಹಂಗಾರ ಗಂಟು ಹೋಗಲಿ, ಎದಿ ಇರಲಿ. ಸೊಲ್ಲಾಪುರದಾಗ ಐದು ವಾರ ಇರ್ತೇನಿ. ಮದಿವಿ ಆದಾಗಿನಿಂದ ನಾ ಎಲ್ಲೂ ಐದು ದಿನ ಸುದ್ದಾ ಹೋಗಿಲ್ಲ."

ಚೀಟಿ ಹಿಡಿದುಕೊಂಡು ಬಂದ ಮಲ್ಲಪ್ಪ ಗಾಬರಿಯಾದ. "ಅಲ್ಲ, ಮನ್ಯಾಗಿನ ಎಮ್ಮಿ ಯಾರು ಹಿಂಡಬೇಕು?"

"ನಿಮಗೂ ದೇವರು ಎರಡು ಕೈ ಕೊಟ್ಟಾನ," ಎಂದಳು ನೀಲಮ್ಮ.

ಆಪರೇಷನ್ ಆಯಿತು. ಎದೆ ಉಳಿಸುವ ಆಪರೇಷನ್ ನಮ್ಮಲ್ಲಿ ಆಗಿನ್ನೂ ಹೊಸದು. ಅದುವರೆಗೆ ನಾನು ಕಂಡದ್ದೆಲ್ಲ ಪೂರ್ತಿ ತೆಗೆಯುವುದೇ. ತೆಗೆದ ತುಂಡನ್ನು ಸಾಹೇಬರು ಟ್ರೇಯಲ್ಲಿಟ್ಟು, ಅದಕ್ಕೆ ಎರಡು ದಾರದ ಹೊಲಿಗೆ ಹಾಕಿ, ಮತ್ತೆ ನೀಲಮ್ಮನ ಕಡೆ ತಿರುಗಿದರು. ಶಾಂತಾಬಾಯಿಯವರು, "ಗೌರವ್ವಾ, ಬಾಟಲಿಗೆ ಹಾಕು," ಎಂದರು. ಹಾಕಲು ಎತ್ತಿಕೊಂಡೆ. ಒಂದು ದಾರ ಗಿಡ್ಡ, ಒಂದು ದಾರ ಉದ್ದ. ಉದ್ದದ್ದು ಮುಚ್ಚಳದಿಂದ ಹೊರಗೆ ಜೋತುಬಿತ್ತು. ಇಷ್ಟು ದೊಡ್ಡ ಡಾಕ್ಟರು, ದಾರದ ತುದಿ ಹೀಗೆ ಬಿಟ್ಟಿದ್ದಾರಲ್ಲ ಎನ್ನಿಸಿತು. ಕತ್ತರಿ ತಗೊಂಡು ಎರಡನ್ನೂ ಸಮ ಮಾಡಿದೆ. ಚೀಟಿ ಮೂರು ಸಲ ಓದಿದೆ. ಎಡವೋ ಬಲವೋ ನೋಡಿದೆ. ಬಾಟಲಿ ಎಷ್ಟು ಚಂದ ಕಾಣುತ್ತಿತ್ತೆಂದರೆ ಅವತ್ತು ಚಹಾ ಕುಡಿಯುವಾಗಲೂ ಅದನ್ನೇ ನೆನೆಸಿಕೊಂಡೆ.

ಮರುದಿನ ಲ್ಯಾಬಿನಿಂದ ಫೋನು ಬಂತು. ಎರಡೂ ದಾರ ಒಂದೇ ಅಳತೆಯವು, ಯಾವುದು ಯಾವ ಕಡೆಯದು? ಸಾಹೇಬರು ತಾವೇ ಹೋಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಬಂದರಂತೆ. ಔಷಧದಲ್ಲಿ ಮುದುಡಿದ ಮೇಲೆ ಯಾವ ಬದಿಯೂ ಗುರುತು ಹತ್ತಲಿಲ್ಲ. ಬಂದವರು ನಮ್ಮನ್ನೆಲ್ಲ ನಿಲ್ಲಿಸಿ ಕೇಳಿದರು.

"ದಾರ ಯಾರು ಕತ್ತರಿಸಿದ್ದು?"

"ನಾನ್ರಿ," ಎಂದೆ. "ಚಂದ ಕಾಣ್ಲಿ ಅಂತ."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸ್ಟೂಲಿನ ಮೇಲೆ ಕೂತು ಹೇಳಿದರು: "ಉದ್ದ ದಾರ ಬಗಲ ಕಡಿ, ಗಿಡ್ಡ ದಾರ ತಲಿ ಕಡಿ. ನಾಲ್ಕೂ ಅಂಚು ಚಲೋ ಇದ್ರ ದಾರದ ಹಂಗಿಲ್ಲ. ಒಂದು ಅಂಚಿಗೆ ಕ್ಯಾನ್ಸರ್ ತಾಗಿದ್ರ, ಅದು ಯಾವ ಕಡಿದು ಅಂತ ಹೇಳೋದು ಆ ದಾರ ಒಂದ. ನಿಮಗ ನಾನು ಮೊದಲ ಹೇಳಬೇಕಾಗಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು. ಇದನ್ನ ನೀಲಮ್ಮಗ ನಾನೂ ಹೇಳ್ತೇನಿ, ನೀವೂ ಬರ್ರಿ."

ರಿಪೋರ್ಟ್ ಬರುವವರೆಗಿನ ಆ ಹತ್ತು ದಿನ ನಾನು ಕೌದಿಯ ಸೂಜಿ ಮುಟ್ಟಲಿಲ್ಲ. ಒಂದು ಹೆಣ್ಣುಮಗಳು ಜೀವನದಲ್ಲಿ ಮೊದಲ ಸಲ ಗಂಡನ ಮುಂದೆ ತನಗೆ ಬೇಕಾದ್ದನ್ನು ಹೇಳಿದ್ದಳು. ಅದು ಉಳಿಯುವುದೋ ಹೋಗುವುದೋ ನನ್ನ ಕತ್ತರಿಯ ಬಾಯಲ್ಲಿತ್ತು. ರಿಪೋರ್ಟ್ ಬಂತು. ಮೂರು ಅಂಚು ಚಲೋ. ಒಂದಕ್ಕೆ ತಾಗಿತ್ತು.

ನೀಲಮ್ಮ ಮಂಚದ ಮೇಲೆ ಕೂತಿದ್ದಳು. ಸಾಹೇಬರು ಒಂದೂ ಬಿಡದೆ ಹೇಳಿದರು. ನಾನು ಅವರ ಹಿಂದೆ ನಿಂತಿದ್ದವಳು ಮುಂದೆ ಬಂದು, "ಕತ್ತರಿಸಿದಾಕಿ ನಾನವ್ವಾ," ಎಂದೆ.

ಮಲ್ಲಪ್ಪನಿಗೆ ಸಿಟ್ಟು ಬಂತು. "ಮೊದಲ ಹೇಳಿದ್ನೋ ಇಲ್ಲೋ, ಪೂರಾ ತಗೀರಿ ಅಂತ?"

ನೀಲಮ್ಮ ಅವನ ಕಡೆ ನೋಡಲಿಲ್ಲ. "ಈಗ ಎಷ್ಟು ದಾರಿ ಅದಾವ್ರಿ ಸಾಹೇಬರ?"

"ಎರಡ. ನಾಲ್ಕೂ ಕಡಿ ಇನ್ನೊಂದು ಪದರ ಕೊಯ್ದು ನೋಡೋದು, ಇಲ್ಲಾ ಪೂರಾ ತೆಗೆಯೋದು. ಕೊಯ್ದ ಮ್ಯಾಲೂ ಅಂಚಿನ್ಯಾಗ ಕಂಡ್ರ ಪೂರಾ ತೆಗೀಬೇಕಾಗಬಹುದು."

"ದಾರ ಇದ್ದಿದ್ರ?"

"ಒಂದ ಕಡಿ ಕೊಯ್ದ್ರ ಸಾಕಿತ್ತು."

ಆಗ ನನ್ನ ಕಡೆ ತಿರುಗಿದಳು. ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳು.

"ಯಕ್ಕಾ, ಕೌದಿ ಹೊಲೀತೀಯೇನು?"

"ಹೂಂ."

"ಅಂದೆ ನಾ. ನಾನೂ ಹೊಲೀತೇನಿ. ಅಲ್ಲಿ ನಾ ಇದ್ದಿದ್ರೂ ಕತ್ತರಸ್ತಿದ್ದೆ." ಆಮೇಲೆ ಸಾಹೇಬರಿಗೆ ಹೇಳಿದಳು: "ನಾಲ್ಕೂ ಕಡಿ ಕೊಯ್ರಿ. ಬಾಟಲಿಗೆ ಮಾತ್ರ ಈಕಿ ಕೈಲೇ ಹಾಕಸ್ರಿ. ಇನ್ನ ಸಾಯೂತನಕ ಈಕಿ ದಾರ ಮುಟ್ಟಂಗಿಲ್ಲ."

ಎರಡನೇ ಆಪರೇಷನ್ನಿನಲ್ಲಿ ನಾಲ್ಕು ತುಂಡು, ನಾಲ್ಕು ಬಾಟಲಿ, ನಾಲ್ಕು ಚೀಟಿ. ಶಾಂತಾಬಾಯಿಯವರು ಮೂರು ಸಲ ಓದಿಸಿದರು, ನಾನು ಕೇಳಿಕೊಂಡು ನಾಲ್ಕನೇ ಸಲ ಓದಿದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಐದನೇ ಸಲ ತಾವೇ ಓದಿದರು. ಈ ಸಲ ಎಲ್ಲ ಅಂಚೂ ಚಲೋ ಎಂದು ಬಂತು. ಎದೆ ಉಳಿಯಿತು, ಇರಬೇಕಾದದ್ದಕ್ಕಿಂತ ಸಣ್ಣದಾಗಿ. ಅಷ್ಟು ಕಡಿಮೆಯಾದದ್ದು ನನ್ನಿಂದ. ಅದನ್ನು ನಾನು ಯಾವತ್ತೂ ಸುತ್ತಿ ಬಳಸಿ ಹೇಳಿಲ್ಲ. ಆಮೇಲೆ ಬಂದ ಪ್ರತಿ ಹೊಸ ಆಯಾಗೂ ಮೊದಲನೇ ದಿನವೇ ಹೇಳಿದೆ, ಇಲ್ಲೂ ಹೇಳುತ್ತಿದ್ದೇನೆ: ದವಾಖಾನೆಯಲ್ಲಿ ಚಂದ ಕಾಣದ ವಸ್ತು ಕಂಡರೆ ಮೊದಲು ಯಾಕೆ ಹಾಗಿದೆ ಎಂದು ಕೇಳಿ.

ನೀಲಮ್ಮ ಸೊಲ್ಲಾಪುರಕ್ಕೆ ರೇಡಿಯೇಷನ್ನಿಗೆ ಹೋದಾಗ ನಾನು ಕೂಡಿಟ್ಟ ರಜೆಯನ್ನೆಲ್ಲ ಹಾಕಿ ಅವಳ ಜೊತೆ ಹೋದೆ. ಒಂದೇ ಕೋಣೆ. ದಿನಕ್ಕೆ ಕೆಲವೇ ನಿಮಿಷದ ಚಿಕಿತ್ಸೆ, ಉಳಿದ ಹೊತ್ತೆಲ್ಲ ನಮ್ಮದು. ನೀಲಮ್ಮ ಪೇಟೆ ತಿರುಗಿದಳು, ಚಾದರಗಳ ಅಂಗಡಿಗೆ ಹೋಗಿ ಎಲ್ಲವನ್ನೂ ಮುಟ್ಟಿ ನೋಡಿ, "ನಮ್ಮ ಕೌದಿ ಮುಂದ ಇದೇನು," ಎಂದು ಹೇಳಿ ಬಂದಳು. ಭಾನುವಾರಕ್ಕೊಮ್ಮೆ ಅವಳ ಮಗ ಬಸವರಾಜ ರೊಟ್ಟಿ ಬುತ್ತಿ ತರುವನು. ನನ್ನ ಮಗಳು ಸವಿತಾ ನನ್ನನ್ನು ನೋಡಲೆಂದು ಬರುವಳು. ಮೊದಲ ಭಾನುವಾರ ಅವಳು ಬೇರೆ ಬಸ್ಸಿಗೆ ಬಂದಳು, ಎರಡನೇ ಭಾನುವಾರ ಬಸವರಾಜ ಬಂದ ಬಸ್ಸಿಗೇ. ಗಂಟು ಹುಡುಕುವುದರಲ್ಲಿ ಜಾಣರಾದ ನಮ್ಮಿಬ್ಬರಿಗೂ ಈ ಗಂಟು ಕಾಣಲಿಲ್ಲ. ವರ್ಷಗಳು ಕಳೆದು, ನೀಲಮ್ಮ ಪ್ರತಿ ಸಲದ ತಪಾಸಣೆಯಲ್ಲೂ ಚಲೋ ಇದ್ದು, ನಾನು ನಿವೃತ್ತಳಾದ ಮೇಲೆ, ಮಕ್ಕಳು ಬಾಯಿಬಿಟ್ಟರು. ಹೀಗೆ ನಾನು ಕತ್ತರಿಸಿದ ದಾರದಿಂದ ನೀಲಮ್ಮ ನನ್ನ ಬೀಗತಿಯಾದಳು.

ಮೊನ್ನೆ ನಮ್ಮ ಮನೆಯಲ್ಲಿ ತೊಟ್ಟಿಲ ಕಾರ್ಯ. ಮುಳವಾಡದಿಂದ ನೀಲಮ್ಮ, ಮಲ್ಲಪ್ಪ, ಒಂದು ಜೀಪು ತುಂಬ ಮಂದಿ ಬಂದರು. ಬೆಳ್ಳಿ ಕಾಲ್ಗಡಗ, ತಲೆಗೆ ಕುಲಾಯಿ, ಒಂದು ಕೊಡ ತುಪ್ಪ. ತುಪ್ಪ ಚಲೋ ಇದೆ ಎಂದೆ. "ಎಲ್ಲಾ ಇವರ ಕೈಗುಣ," ಎಂದಳು ನೀಲಮ್ಮ ಗಂಡನನ್ನು ತೋರಿಸಿ. "ಸೊಲ್ಲಾಪುರದಿಂದ ನಾ ತಿರುಗಿ ಬಂದಾಗಿಂದ ಎಮ್ಮಿ ನನಗ ಒದೀತೈತಿ, ಇವರಿಗಷ್ಟ ಹಿಂಡಾಕ ಕೊಡ್ತೈತಿ." ಮಲ್ಲಪ್ಪ ಮೀಸೆಯೊಳಗೇ ನಕ್ಕ.

ಕೂಸಿನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿದಳು. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದೆವು. ಎಲ್ಲರೂ ಬಗ್ಗಿ ನೋಡುತ್ತಿರುವಾಗ ಪಕ್ಕದ ಮನೆಯ ಪಾರವ್ವ ಸೊಂಟದಿಂದ ಸಣ್ಣ ಕತ್ತರಿ ತೆಗೆದಳು. "ಗೌರವ್ವಾ, ನಿನ್ನ ಕಣ್ಣು ಹ್ವಾದುವು ಬಿಡು. ಎರಡು ದಾರ ಹಂಗ ಬಿಟ್ಟೀದಿ."

ನಾನು ಬಾಯಿ ತೆರೆಯುವಷ್ಟರಲ್ಲಿ ನೀಲಮ್ಮ ಅವಳ ಮಣಿಕಟ್ಟು ಹಿಡಿದಾಗಿತ್ತು. "ಅದನ್ನ ಮುಟ್ಟಬ್ಯಾಡ ತಂಗಿ. ಅದು ಗುರುತು."

ಆಮೇಲೆ ತೊಟ್ಟಿಲೊಳಗೆ ಬಗ್ಗಿ, ಉದ್ದ ದಾರ ಬೆರಳಿಗೆ ಸುತ್ತಿ ನೋಡಿದಳು, ಗಿಡ್ಡ ದಾರ ನೋಡಿದಳು, ನನ್ನನ್ನು ನೋಡಿದಳು.

"ಯಕ್ಕಾ, ಗಿಡ್ಡ ದಾರ ಕಾಲ ಕಡಿ ಬಂದೈತಿ."

ನೋಡಿದೆ. ಹೌದು, ತಿರುವುಮುರುವು ಹಾಸಿದ್ದೆ. ನೀಲಮ್ಮ ಕೂಸನ್ನು ಎತ್ತಿ ನನ್ನ ತೋಳಿಗೆ ಕೊಟ್ಟಳು, ಕೌದಿಯನ್ನು ಅರ್ಧ ಸುತ್ತು ತಿರುಗಿಸಿದಳು. ಗಿಡ್ಡ ದಾರ ತಲೆಯ ಕಡೆ ಬಂತು, ಉದ್ದ ದಾರ ಬಗಲ ಕಡೆ. ಅಂಗೈಯಿಂದ ನಾಲ್ಕೂ ಅಂಚು ಸವರಿ ಸಮ ಮಾಡಿದಳು.

"ಈಗ ಮಲಗಸು," ಎಂದಳು.

ಮಲಗಿಸಿದೆ.